ಕಾಗಿ ಮುಟ್ಟಿದ ಸುದ್ದಿ

“ಸೂಪರ್ ಅಂದಾರ, ನನ್ನ ಆ್ಯಪಿಗೆ ಎಲ್ಲಾರೂ ಸೂಪರ್ ಅಂದಾರ,” ಎಂದು ಶರಣಕುಮಾರ ರೊಟ್ಟಿ ಮುರಿಯುವುದನ್ನು ಬಿಟ್ಟು ಫೋನನ್ನು ತಾಟಿನ ಪಕ್ಕ ಬೋರಲು ಹಾಕಿದ. “ದಂಡೋತಿ ಕಾಕಾ ಸೂಪರ್, ಸೇಡಂ ಚಿಗವ್ವ ಸೂಪರ್, ವಾಡಿ ದೊಡ್ಡಪ್ಪ ಕೈಮುಗದ ಚಿತ್ರ ಕಳಿಸ್ಯಾರ. ಒಬ್ಬರೂ ಒಂದು ತಪ್ಪು ಹೇಳವಲ್ರು.”

“ತಪ್ಪಿಲ್ಲ ಅಂದ ಮ್ಯಾಲ ಎಲ್ಲಿಂದ ಹೇಳ್ತಾರೋ?” ಎಂದ ಅವನ ಅಪ್ಪ ದೇವಿಂದ್ರಪ್ಪ. “ಚಲೋ ಅದ ಅಂದ್ರ ಚಲೋ ಅದ. ಮುಂದಿನ ತಿಂಗಳು ಊರಿಗೆ ಬಿಟ್ಟುಬಿಡು. ಸ್ವಾಮ್ಯಾರನ್ನ ಕರಸಿ ಪೂಜಿ ಮಾಡಸೋಣ, ನಾಕು ಮಂದಿಗೆ ಹುಗ್ಗಿ ಹಾಕೋಣ.”

“ಸತ್ತ ಸುದ್ದಿ ಹೇಳೂದಕ್ಕೂ ಹುಗ್ಗಿ ಹಾಕ್ತೀರೇನ್ರಿ?” ಒಲೆಯ ಮುಂದಿನಿಂದ ವಿಮಲಾಬಾಯಿ ಗಂಡನನ್ನು ಕೇಳಿದಳು.

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಶರಣಕುಮಾರ ಶಹಾಬಾದಿನ ಬಸ್‌ಸ್ಟ್ಯಾಂಡ್ ಎದುರು ಆನ್‌ಲೈನ್ ಸೆಂಟರಿನಲ್ಲಿ ಆಧಾರ್, ಪಹಣಿ ಎಂದು ದಿನವಿಡೀ ಮಂದಿಯ ಅರ್ಜಿ ತುಂಬುವವನು. ಬಿಡುವಿನಲ್ಲಿ ಕೂತು ಅವನು ಕಟ್ಟಿದ ಆ್ಯಪಿನ ಹೆಸರು ‘ಬಂಧು’. ಯಾರ ಮನೆಯಲ್ಲಾದರೂ ಸಾವಾದರೆ ಹೋದವರ ಹೆಸರು, ಊರು, ಮಣ್ಣು ಮಾಡುವ ಹೊತ್ತು ಬರೆದು ಒಂದು ಗುಂಡಿ ಒತ್ತಬೇಕು, ಅಷ್ಟೇ. ಬಳಗದವರ ಫೋನು ಕೂಗತೊಡಗುತ್ತದೆ, ತೆರೆದು ನೋಡುವ ತನಕ ಕೂಗುತ್ತಲೇ ಇರುತ್ತದೆ. ನೋಡಿದವರ ಹೆಸರಿನ ಮುಂದೆ ‘ನೋಡಿದ್ದಾರೆ’ ಎಂದು ಬೀಳುತ್ತದೆ. ನಮ್ಮ ಕಡೆ ಮದುವೆಗೆ ಕರೆಯುವುದು ಮರೆತರೆ ಹೇಗೋ ಕೈ ಹಿಡಿದು ಸಮಾಧಾನ ಮಾಡಬಹುದು. ಮಣ್ಣಿಗೆ ಹೋಗದಿದ್ದರೆ ಮಾತ್ರ ಸಂಬಂಧ ಅಲ್ಲಿಗೇ ಮುಗಿಯಿತು.

ಆ ಮನೆಯವರು ಅದನ್ನು ಉಂಡವರು. ದೇವಿಂದ್ರಪ್ಪನ ತಂಗಿ ನಾಗರತ್ನಾಳನ್ನು ಚಿಂಚೋಳಿಗೆ ಕೊಟ್ಟಿತ್ತು. ಕೆಲವು ವರ್ಷಗಳ ಹಿಂದೆ ಅವಳ ಗಂಡ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅದೇ ದಿನ ಇಲ್ಲಿ ದೇವಿಂದ್ರಪ್ಪನ, ನೆಲಕ್ಕೆ ಹಾಸುವ ಫರಸಿಕಲ್ಲಿನ ಅಡ್ಡೆಯಲ್ಲಿ ಹೊಸ ಪಾಲಿಶ್ ಮಶೀನಿನ ಪೂಜೆ. ನಾಗರತ್ನಾಳ ಮಗ ಭೀಮಾಶಂಕರ ಸೋದರಮಾವನಿಗೆ ಫೋನು ಮಾಡಿದ, ಎತ್ತಲಿಲ್ಲ. ವಾಟ್ಸಾಪಿನಲ್ಲಿ ಬರೆದು ಹಾಕಿದ. ಮನೆಯವರಿಗೆ ತಿಳಿದದ್ದು ಮಧ್ಯಾಹ್ನದ ಊಟವೆಲ್ಲ ಮುಗಿದ ಮೇಲೆ. ಜೀಪು ಮಾಡಿಕೊಂಡು ಹೋಗುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ತವರಿನ ಸೀರೆ ಇಲ್ಲ, ತವರಿನ ಒಬ್ಬ ಮನುಷ್ಯ ಇಲ್ಲ, ಹಾಗೆ ಗಂಡನನ್ನು ಕಳಿಸಿದ ನಾಗರತ್ನಾ ಬಾಗಿಲಲ್ಲೇ ನಿಂತು, “ಇನ್ನ ಯಾರನ್ನ ನೋಡ್ಲಿಕ್ಕೆ ಬಂದೀರಿ?” ಎಂದಳು. ಒಂದು ಚರಿಗೆ ನೀರು ಕೊಡಲಿಲ್ಲ. ಆಮೇಲೆ ಅವಳು ತವರಿಗೆ ಬಂದಿಲ್ಲ, ಇವರ ಫೋನು ಎತ್ತಿಲ್ಲ.

“ಫೋನು ಕಪಾಟಿನಾಗ ಇತ್ತವ್ವ, ಸುದ್ದಿ ಮುಟ್ಟಲೇ ಇಲ್ಲ,” ಎಂದು ದೇವಿಂದ್ರಪ್ಪ ತಾಯಿಗೆ ಹೇಳಿದ್ದ. ತಾಯಿ ಶರಣಬಸಮ್ಮ ಮಗನ ಮಾತು ನಂಬಿ, ಅವತ್ತಿನಿಂದ ಬೈಗುಳವನ್ನೆಲ್ಲ ಫೋನಿಗೇ ಇಟ್ಟಿದ್ದಳು. ನಾಗಿ ಒಮ್ಮೆ ಬಂದು ಈ ಮನೆಯಲ್ಲಿ ಒಂದು ತುತ್ತು ಉಂಡು ಹೋಗಲಿ, ಆಮೇಲೆ ಶಿವ ಯಾವಾಗ ಕರೆದರೂ ತಯಾರು. ಮುದುಕಿಗೆ ಬೇರೆ ಆಸೆಯೇ ಉಳಿದಿರಲಿಲ್ಲ. ದಿನಾ ಅದನ್ನು ಕೇಳಿ ಕೇಳಿಯೇ ಮೊಮ್ಮಗ ‘ಬಂಧು’ ಕಟ್ಟಲು ಕೂತದ್ದು.

“ಆಯಿ, ನೀನರ ಖರೆ ಹೇಳು, ಹ್ಯಾಂಗದ?” ಎಂದು ಅವನು ಅಜ್ಜಿಯ ಕಡೆ ತಿರುಗಿದ.

“ಸಾವಿನ ಸುದ್ದಿ ಕಿಸೆದಾಗ ಇಟ್ಕೊಂಡು ಯಾರು ತಿರಗ್ತಾರೋ ತಮ್ಮಾ? ನನಗಂತೂ ಅಂಜಿಕಿ ಬರ್ತದ. ಆದರ ಅವತ್ತ ಇದು ಇದ್ದಿದ್ರ ನನ್ನ ಮಗಳು ನನಗ ದೂರ ಆಗ್ತಿರಲಿಲ್ಲ.”

“ಒಂದ ಮಾತು,” ಎಂದ ದೇವಿಂದ್ರಪ್ಪ, ತಾಟಿನಲ್ಲಿದ್ದ ಪುಂಡಿಪಲ್ಯವನ್ನು ಬೆರಳಿನಿಂದ ಒತ್ತರಿಸುತ್ತ. “ಆ ‘ನೋಡಿದ್ದಾರೆ’ ಅನ್ನೂದು ತಗದುಬಿಡು. ಮಂದಿಗೆ ಹಿಡಸಂಗಿಲ್ಲ.”

“ಅದೇ ಮುಖ್ಯ ಅಪ್ಪ. ಸುದ್ದಿ ಮುಟ್ಟಲಿಲ್ಲ ಅಂತ ಇನ್ನ ಮ್ಯಾಲ ಯಾರೂ ಅನ್ನಬಾರದು.”

ದೇವಿಂದ್ರಪ್ಪ ಮತ್ತೊಂದು ರೊಟ್ಟಿ ಬೇಡವೆಂದು ಎದ್ದು ಕೈ ತೊಳೆಯಲು ಹೋದ.

ಸೆಂಟರಿನಲ್ಲಿ ಪಕ್ಕದ ಕಂಪ್ಯೂಟರಿಗೆ ಕೂರುತ್ತಿದ್ದ ಶಗುಫ್ತಾ ಬಾಯಿಗೆ ಬಂದದ್ದನ್ನು ಆಡಿಬಿಡುವ ಹುಡುಗಿ. ಶರಣಕುಮಾರ ಅವಳ ಮುಂದೆ ಸೂಪರುಗಳನ್ನೆಲ್ಲ ಹರವಿದಾಗ ಅವಳು ನಕ್ಕೇಬಿಟ್ಟಳು.

“ಯಾರೂ ಪೂರಾ ನೋಡೇ ಇಲ್ಲ ತಿಳೀತೇನು? ನಿಮ್ಮಪ್ಪ ಎಲ್ಲಾರಿಗೂ ಫೋನ್ ಮಾಡಿ ‘ನನ್ನ ಮಗ ಮಾಡ್ಯಾನ, ಚಲೋ ಬರೀರಿ’ ಅಂತ ಹೇಳ್ಯಾರ. ಕಲ್ಲು ತಗೋಳಿಕ್ಕೆ ಹೋದಾಗ ನಮ್ಮ ಅಬ್ಬಾಗೂ ಹೇಳಿದ್ರು.”

“ನೀನರ ನೋಡೀಯಲ್ಲ?”

“ನಾನೂ ಪೂರಾ ನೋಡಿಲ್ಲ. ಸತ್ತವರ ಹೆಸರು ಬರೀರಿ ಅಂತ ಕೇಳ್ತದಲ್ಲ, ಅಲ್ಲಿ ಯಾರ ಹೆಸರು ಹಾಕ್ಲಿ? ಜೀವ ಇದ್ದವರದು ಹಾಕ್ಲಿಕ್ಕೆ ಕೈ ಬರಂಗಿಲ್ಲ. ನಮ್ಮ ಅಬ್ಬಾನ ಅವ್ವ, ತೀರಿಹೋದ ದಾದಿ ಹೆಸರು ಹಾಕಿದ್ರ ಮನ್ಯಾಗ ಮತ್ತೊಮ್ಮೆ ಅಳ್ತಾರ. ಎಲ್ಲಾರೂ ಅಲ್ಲೇ ನಿಂತು ವಾಪಸ್ ಬಂದಾರ ನೋಡು. ಒಂದ ಸಲ ಖರೇನೇ ಕಳಿಸಿ ನೋಡಲಾರದ ಇದನ್ನ ಊರಿಗೆ ಬಿಡಬ್ಯಾಡ.”

ಅವಳ ಮಾತು ಅವನಿಗೆ ಚುಚ್ಚಿತು, ಆದರೆ ಹೌದೆನಿಸಿತು. ಮನೆಗೆ ಬಂದು, ಪರೀಕ್ಷೆಗೆ ಒಂದು ಹೆಸರು ಬೇಕು, ಅಪ್ಪನದು ಹಾಕಲೇ ಎಂದು ಕೇಳಿದ. ವಿಮಲಾಬಾಯಿ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು.

“ನನ್ನ ಗಂಡನ ಹೆಸರು ಅದರಾಗ ಹಾಕಿದಿ ಅಂದ್ರ ಆ ಫೋನು ಒಲ್ಯಾಗ ಇಡ್ತೀನಿ! ಓದಿಸಿದ್ದು ಇದಕ್ಕೇನು ನಿನ್ನ?”

ಮುಂದಿನ ಹಲವು ದಿನ ಅಪ್ಪ ಪೂಜೆಯ ದಿನ ಗೊತ್ತುಮಾಡು ಎನ್ನುವುದೂ, ಮಗ ತಡೆ ಎನ್ನುವುದೂ ಊಟದ ಹೊತ್ತಿನ ಜಗಳವಾಗಿ ನಡೆಯಿತು. ಹೀಗಿರುವಾಗ ಒಂದು ಬೆಳಿಗ್ಗೆ ಮಾಳಿಗೆಯ ಮೇಲೆ ಸಂಡಿಗೆ ಹಾಕಲು ಹೋಗಿದ್ದ ಶರಣಬಸಮ್ಮ ಮೆಟ್ಟಿಲ ಮೇಲೆಯೇ ಕೂತು ಎಲ್ಲರನ್ನೂ ಕೂಗಿದಳು.

“ಕಾಗಿ ಮುಟ್ಟಿತು! ತಲಿಗೆ ಬಡದು ಹೋಯ್ತು!”

ಕಾಗೆ ತಲೆ ಮುಟ್ಟಿದರೆ ಸಾವಿನ ಕಂಟಕ. ಅದು ಕಳೆಯಬೇಕಾದರೆ ಆ ಮನುಷ್ಯ ಹೋದನೆಂದು ದೂರದಲ್ಲಿರುವ ರಕ್ತಸಂಬಂಧಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಸುದ್ದಿ ನಂಬಿ ಅತ್ತರೆ ಕಂಟಕ ಆ ಕಣ್ಣೀರಿನಲ್ಲಿ ಹರಿದುಹೋಗುತ್ತದೆ. ಆಮೇಲೆ ಸುಳ್ಳೆಂದು ಹೇಳಿ, ಬೈಸಿಕೊಂಡು, ಕರೆದು ಉಣ್ಣಿಸಿದರಾಯಿತು. ಈಗಿನವರು ನಗಬಹುದು. ಶರಣಬಸಮ್ಮನ ಗಂಡನಿಗೆ ಕಾಗೆ ಮುಟ್ಟಿದಾಗ ಸನ್ನತಿಯಲ್ಲಿದ್ದ ಅವನ ಅಕ್ಕನಿಗೆ ಆಳು ಕಳಿಸಿ ಅಳಿಸಿದ್ದರು.

“ನಾನೂ ಮಾಳಗಿ ಮ್ಯಾಲೇ ಇದ್ದೆ ಅತ್ತೆವ್ವ, ಯಾವ ಕಾಗಿನೂ ಕಾಣಲಿಲ್ಲ,” ಎಂದಳು ವಿಮಲಾಬಾಯಿ.

“ನಿನಗ ಕಾಣಸ್ಬೇಕಂತ ಕಾಗಿ ಬರ್ತದೇನು? ನಾಗಿಗೆ ಸುದ್ದಿ ಕಳಸ್ರಿ. ಹೆತ್ತ ಮಗಳು ಅತ್ತರನೇ ಕಂಟಕ ಕಳೀತದ. ಅತ್ಕೋತ ಬರ್ತಾಳ. ಬಂದ ಮ್ಯಾಲ ನಾ ಜೀವಂತ ಇದ್ದದ್ದು ನೋಡಿದ್ರ ಸಿಟ್ಟು ಎಲ್ಲಿ ಉಳೀತದ?”

ಎಲ್ಲರಿಗೂ ತಿಳಿದುಹೋಯಿತು. ಕಾಗೆ ಬಂದಿತ್ತೋ ಇಲ್ಲವೋ, ಮಗಳನ್ನು ಬರಮಾಡಿಕೊಳ್ಳಲು ಮುದುಕಿ ತನ್ನ ಸಾವನ್ನೇ ಮುಂದೆ ಮಾಡಿದ್ದಳು. ದೇವಿಂದ್ರಪ್ಪ, “ಅವ್ವಾ, ಈ ಆಟ ಬ್ಯಾಡ,” ಎಂದು ಗದರಿದ. ಅವನ ಮುಖ ಬಿಳಿಚಿದ್ದನ್ನು ಯಾರೂ ಗಮನಿಸಲಿಲ್ಲ. ಶರಣಕುಮಾರ ಮಾತ್ರ ಫೋನು ಕೈಗೆ ತಗೊಂಡಾಗಿತ್ತು. ಭೀಮಾಶಂಕರನಿಗೂ ಅವನು ಆ್ಯಪು ಕಳಿಸಿದ್ದ. ಒಂದು ಮಾತೂ ಬರೆಯದೆ ಭೀಮಾಶಂಕರ ತನ್ನದರಲ್ಲೂ ತಾಯಿಯ ಫೋನಿನಲ್ಲೂ ಅದನ್ನು ಹಾಕಿಕೊಂಡಿದ್ದ. ಹೆಸರು ಕೊಡುವವಳು ತಾನಾಗಿಯೇ ಕೊಡುತ್ತಿದ್ದಾಳೆ, ಪರೀಕ್ಷೆಯೂ ಆಯಿತು, ಅತ್ತೆಯೂ ಬಂದಳು! ದಡ್ಡ ಹುಡುಗ, ಅವನಿಗೆ ಅಷ್ಟೇ ಕಂಡಿತು.

“ಅತ್ತಿ ಒಬ್ಬಾಕಿಗೇ ಕಳಸ್ತೀನಿ ಆಯಿ. ನೋಡಿದ ಕೂಡಲೇ ಫೋನ್ ಮಾಡಿ ಖರೆ ಹೇಳಿಬಿಡ್ತೀನಿ.”

ಶರಣಬಸಮ್ಮ, ಶಹಾಬಾದ ಎಂದು ಬರೆದ. ಬಳಗದಲ್ಲಿ ನಾಗರತ್ನಾ ಒಬ್ಬಳನ್ನೇ ಆರಿಸಿದ. ಒತ್ತಿದ.

ದೇವಿಂದ್ರಪ್ಪನ ಕಿಸೆಯಲ್ಲಿ ಫೋನು ಕೂಗಿತು. ಅಡುಗೆಮನೆಯಲ್ಲಿ ವಿಮಲಾಬಾಯಿಯದು ಕೂಗಿತು. ಒಬ್ಬಳನ್ನು ಆರಿಸಿದರೂ ಸುದ್ದಿ ಎಲ್ಲರಿಗೂ ಹೋಗಿತ್ತು. ಸೂಪರ್ ಅಂದವರಲ್ಲಿ ಒಬ್ಬರಾದರೂ ಒಂದು ಸಲ ಒತ್ತಿ ನೋಡಿದ್ದರೆ ಸಿಗುತ್ತಿದ್ದ ತಪ್ಪು ಅದು.

“ಸುಳ್ಳು ಅಂತ ಕಳಸೋ, ಜಲ್ದಿ ಕಳಸೋ!” ಎಂದು ದೇವಿಂದ್ರಪ್ಪ ಕಿರುಚಿದ.

“ಅದಕ್ಕ ಗುಂಡಿ ಇಲ್ಲಪ್ಪ. ಸತ್ತದ್ದು ಸುಳ್ಳಾಗ್ತದಂತ ನಾ ಅಂದ್ಕೊಂಡಿರಲಿಲ್ಲ.”

ಒಬ್ಬೊಬ್ಬರಿಗೆ ಫೋನು ಹಚ್ಚತೊಡಗಿದರು. ಯಾರದೂ ಸಿಗದು, ಎಲ್ಲರೂ ಒಬ್ಬರಿಗೊಬ್ಬರು ಸುದ್ದಿ ಹೇಳುವುದರಲ್ಲಿದ್ದರು. ನಾಗರತ್ನಾ ಎತ್ತಲಿಲ್ಲ. ಭೀಮಾಶಂಕರನೂ ಎತ್ತಲಿಲ್ಲ. ಹಿಂದಿನ ಓಣಿಯ ಮಡಿವಾಳಯ್ಯ ಸ್ವಾಮಿಗಳು ವಿಭೂತಿ, ಗಂಟೆ ಹಿಡಿದು ಬಂದೇಬಿಟ್ಟರು. ನಡುಮನೆಯಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಆರಿಸುತ್ತಿದ್ದ ಶರಣಬಸಮ್ಮನನ್ನು ನೋಡಿ ಹೊಸ್ತಿಲಲ್ಲೇ ನಿಂತರು.

“ಇದೇನವ್ವ ತಾಯಿ?”

“ಬರ್ರಿ ಅಪ್ಪೋರ, ಕುಂದ್ರಿ. ಚಾ ಕುಡೀರಿ,” ಎಂದಳು ಶರಣಬಸಮ್ಮ.

ಮಧ್ಯಾಹ್ನದೊಳಗೆ ಮನೆ ತುಂಬಿತು. ವಾಡಿಯ ದೊಡ್ಡಪ್ಪ ಹೂವಿನ ಹಾರ ತಂದಿದ್ದ. ದಂಡೋತಿಯ ಕಾಕಾ ಹೊಲದಿಂದ ಹಾಗೆಯೇ ಬಂದಿದ್ದ. ಸೇಡಂನಿಂದ ವಿಮಲಾಬಾಯಿಯ ತಂಗಿ, ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ ಎಂದು ರೊಟ್ಟಿ ಝುಣಕದ ಬುತ್ತಿ ಕಟ್ಟಿಕೊಂಡು, ಓಣಿಯ ತುದಿಯಿಂದಲೇ ಎದೆ ಬಡಿದುಕೊಳ್ಳುತ್ತ ಬಂದಳು. ಒಳಗೆ ಬಂದು ಮುದುಕಿಯನ್ನು ಕಂಡವಳು ಬುತ್ತಿಯನ್ನು ನೆಲಕ್ಕೆ ಕುಕ್ಕಿದಳು.

“ನಾಚಿಕಿ ಬರಂಗಿಲ್ಲೇನೋ ನಿನಗ? ಬಸ್ಸಿನಾಗ ಅತ್ಕೋತ ಬಂದೀನಿ! ಅದರ ಸದ್ದರ ಏನು, ಮದುವಿ ಬ್ಯಾಂಡು! ಎಲ್ಲಾರೂ ನನ್ನ ಮಾರಿನೇ ನೋಡಿದ್ರು.”

“ಅಕ್ಷರ ಇರುವಿ ಕಾಲಿನಷ್ಟು,” ಎಂದ ಕಾಕಾ. “ಶರಣಬಸ ಅಂತ ಓದಿದೆ, ಮುಂದಿಂದು ಕಾಣಲಿಲ್ಲ. ನಮ್ಮ ಶರಣಬಸಪ್ಪ ಹೋದ ಅಂತ ಮೊದಲ ಅವನ ಮನಿಗೆ ಹೋಗಿ ನಿಂತಿದ್ದೆ.”

“ಮಣ್ಣು ಎಷ್ಟೊತ್ತಿಗೆ ಅಂತ ಬರದೇ ಇಲ್ಲ. ಬರೀಲಾರದೂ ಹೋಗ್ತದಂದ್ರ ಅದೆಂಥ ಆ್ಯಪೋ ಮಾರಾಯ?” ಎಂದ ದೊಡ್ಡಪ್ಪ.

“ಇದನ್ನ ಮೊದಲ ಹೇಳಬೇಕಿಲ್ಲೇನ್ರಿ? ಎಲ್ಲಾರೂ ಸೂಪರ್ ಅಂದ್ರಿ!” ಶರಣಕುಮಾರನ ಕಣ್ಣಲ್ಲಿ ನೀರು ಬಂದಿತ್ತು.

“ನಿಮ್ಮಪ್ಪ ಅನ್ನಂದ, ಅಂದ್ವಿ,” ಎಂದ ಕಾಕಾ.

ಬೈದು ಬೈದು ದಣಿದ ಮೇಲೆ ಹಸಿವು ಗೊತ್ತಾಯಿತು. ತಂದ ಬುತ್ತಿಯನ್ನು ತಿರುಗಿ ಒಯ್ಯುವಂತಿಲ್ಲ. ಮಡಿವಾಳಯ್ಯನವರು ಚಿಟಿಕೆ ವಿಭೂತಿ ಹಾಕಿ, “ಉಣ್ರಿ, ಏನಾಗಂಗಿಲ್ಲ,” ಎಂದರು. ಎಲ್ಲರೂ ಉಂಡರು. ಶರಣಬಸಮ್ಮ ಉಣ್ಣಲಿಲ್ಲ. ನಾಗಿ ಬರಲಿ, ಕೂಡಿ ಉಣ್ಣುತ್ತೇನೆ ಎಂದಳು.

ಬಂದವರು ಹೋದರು. ಚಿಂಚೋಳಿಯಿಂದ ಬರುವವರು ಬರುವ ಹೊತ್ತೂ ಮೀರಿತು.

“ಅಕಿ ನೋಡ್ಯಾಳೇನೋ ತಮ್ಮಾ?” ಎಂದು ಶರಣಬಸಮ್ಮ ಮೊಮ್ಮಗನನ್ನು ಕೇಳಿದಳು.

ಸುಳ್ಳು ಹೇಳಿದ್ದರೆ ನಡೆಯುತ್ತಿತ್ತು. ಅವನಿಗೆ ಹೊಳೆಯಲಿಲ್ಲ. “ನೋಡ್ಯಾಳ ಆಯಿ. ಎಲ್ಲಾರಿಗಿಂತ ಮೊದಲ ಅತ್ತಿನೇ ನೋಡ್ಯಾಳ.”

“ಹಂಗಾದ್ರ ದಾರ್‍ಯಾಗ ಇರ್ತಾಳ. ವಿಮಲಾ, ಜರಾ ಅನ್ನಕ್ಕ ಇಡವ್ವ. ಅಕಿಗೆ ಬಿಸಿ ಅನ್ನ ಬೇಕಾಗ್ತದ.”

ಅನ್ನ ಒಲೆಯ ಮೇಲಿದ್ದಾಗಲೇ ಭೀಮಾಶಂಕರನ ಫೋನು ಬಂತು. ಶರಣಕುಮಾರ ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದ.

“ಆಯಿ ಅರಾಮ ಇದ್ದಾಳಂತಲ್ಲ. ದಂಡೋತಿ ಕಾಕಾ ಈಗ ಹೇಳಿದ್ರು. ಚಲೋ ಆತು,” ಎಂದ ಭೀಮಾಶಂಕರ. ಅವನ ದನಿ ತಣ್ಣಗಿತ್ತು.

ಶರಣಬಸಮ್ಮ ಫೋನಿನ ಹತ್ತಿರ ಸರಿದಳು. “ಭೀಮಾ, ನಿಮ್ಮವ್ವ ಎಲ್ಲಿದ್ದಾಳೋ? ಅತ್ತಳೇನೋ?”

“ಇಲ್ಲ ಆಯಿ. ಮುಂಜಾನಿ ನೋಡಿದಳು. ಫೋನು ಬೋರಲ ಹಾಕಿ ರೊಟ್ಟಿ ಬಡೀಲಿಕ್ಕೆ ಕುಂತಳು. ಹೋಗೋಣ ನಡಿ ಅಂತ ನಾ ಭಾಳ ಅಂದೆ. ‘ಅಂವ ನೋಡಿ ಹ್ಯಾಂಗ ಸುಮ್ನ ಇದ್ದ, ನಾನೂ ಹಂಗೇ ಇರ್ತೀನಿ’ ಅಂದಳು.”

“ಯಾವಂವ?”

“ಮಾಮಾ. ಅಪ್ಪ ಹೋದ ದಿನ ನಾ ಹಾಕಿದ್ದು ಮಾಮಾ ಆಗಿಂದಾಗ ನೋಡಿದ್ರಲ್ಲ ಆಯಿ, ನೀಲಿ ಗೆರಿ ಬಿದ್ದಿತ್ತು. ಅವ್ವ ಅದನ್ನ ನೋಡಿ ಮಣ್ಣು ತಡಿ ಅಂದಳು. ಅಣ್ಣ ನೋಡ್ಯಾನ, ಬರ್ತಾನ ಅಂತ ಎಲ್ಲಾರಿಗೂ ಕೈ ಮುಗದು ನಿಂದ್ರಿಸಿದಳು. ನಿನಗ ಗೊತ್ತಿಲ್ಲೇನು?”

ವಿಮಲಾಬಾಯಿ ಒಲೆ ಆರಿಸಿದಳು. ದೇವಿಂದ್ರಪ್ಪ ಗೋಡೆಗೆ ಒರಗಿ ಕೂತ.

“ಮಂದಿ ಪೂಜಿಗೆ ಬಂದು ಕುಂತಿದ್ರು ಅವ್ವಾ,” ಎಂದ. “ಮಶೀನಿಗೆ ಕಾಯಿ ಒಡದಿರಲಿಲ್ಲ. ಹೇಳಿದ್ರ ಪೂಜಿ ಅಲ್ಲೇ ನಿಂದರ್ತಿತ್ತು, ಶುರುವಿಗೇ ಅಪಶಕುನ ಆತು ಅಂತಿದ್ರು. ಊಟ ಮುಗಿದ ಕೂಡಲೇ ಹೇಳಿದ್ರಾತು, ಮಣ್ಣು ಸಂಜಿಗಿ ಇರ್ತದ ಅಂದ್ಕೊಂಡೆ.”

“ನನಗೂ ಹೇಳಲಿಲ್ಲ ನೀವು!” ಎಂದು ವಿಮಲಾಬಾಯಿ ಗಂಡನ ಕಡೆ ತಿರುಗಿದಳು. “ಅವತ್ತ ನಾ ನಕ್ಕೋತ ಹೋಳಿಗಿ ಬಡಿಸೀನಿ.”

ಶರಣಬಸಮ್ಮ ಮಗನನ್ನೇ ನೋಡಿದಳು. “ನನ್ನ ಮಗಳ ಕೊರಳಿನ ತಾಳಿ ತಗಿಯೂ ಹೊತ್ತಿನ್ಯಾಗ ನನ್ನ ಕೈಲಿ ಮಶೀನಿಗೆ ಹಾರ ಹಾಕಿಸಿದಿ. ತಪ್ಪನ್ನ ಫೋನಿನ ಮ್ಯಾಲ ಹಾಕಿದಿ. ಇಷ್ಟು ವರ್ಷ ನಾ ಆ ಫೋನಿಗೆ ಬೈಕೋತ ಕುಂತೆ.” ಅವಳು ಅಳಲಿಲ್ಲ. ಅವತ್ತು ಬಿಸಿ ಅನ್ನವನ್ನು ಯಾರೂ ಮುಟ್ಟಲಿಲ್ಲ, ಮರುದಿನ ವಿಮಲಾಬಾಯಿ ಅದನ್ನು ಎಮ್ಮೆಗೆ ಹಾಕಿದಳು.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಎರಡು ಸಲ ಅಡುಗೆ ಬಡಿಸುವುದಾಯಿತು. ಮಗ ಅಡ್ಡೆಗೆ ಹೋದ ಮೇಲೆಯೇ ಶರಣಬಸಮ್ಮ ತಾಟಿನ ಮುಂದೆ ಕೂರುತ್ತಿದ್ದಳು. ಅವನಿಗೆ ಏನಾದರೂ ಹೇಳಬೇಕಾದರೆ, “ನಿನ್ನ ಗಂಡಗ ಹೇಳು” ಎಂದು ಸೊಸೆಗೆ ಹೇಳುತ್ತಿದ್ದಳು. ಸೊಸೆಗೆ ಒಂದು ದಿನ ರೇಗಿತು.

“ಎಷ್ಟಂತ ಬಡಸಲಿ ನಾನು? ತಾಯಿ ಮಗ ಒಂದ ಮನ್ಯಾಗ ಇದ್ದು ನನ್ನ ಬಾಯಿಂದ ಮಾತಾಡ್ತೀರಿ. ನನಗೇನು ಸಿಟ್ಟಿಲ್ಲ ಅಂತ ತಿಳಕೊಂಡೀರೇನು ಅವರ ಮ್ಯಾಲ? ಆದರೂ ರೊಟ್ಟಿ ಹಾಕ್ತೀನಿ.”

“ನೀ ಹೆಂಡ್ತಿ, ಹಾಕ್ಬೇಕಾಗ್ತದ. ನಾ ಹಡದಾಕಿ. ಇಬ್ಬರನ್ನ ಹಡದೀನಿ,” ಎಂದಳು ಅತ್ತೆ.

ದೇವಿಂದ್ರಪ್ಪ ಒಂದು ದಿನ ಯಾರಿಗೂ ಹೇಳದೆ ಚಿಂಚೋಳಿಗೆ ಹೋಗಿ ಬಂದ. ತಂಗಿಯ ಅಂಗಳದಲ್ಲಿ ಕಲ್ಲಿನ ಮೇಲೆ ಕೂತಿದ್ದನಂತೆ. ಭೀಮಾಶಂಕರ ಚಹ ತಂದುಕೊಟ್ಟನಂತೆ. ಅವಳು ಹೊರಗೆ ಬರಲಿಲ್ಲ. ತಿರುಗಿ ಬಂದವನು ಶರಣಕುಮಾರನ ಮುಂದೆ ನಿಂತು, “ಆ ಹಾಳಾದದ್ದು ಊರಿಗೆ ಬಿಡಬ್ಯಾಡ,” ಎಂದ.

“ಯಾಕಪ್ಪ? ಈಗ ಎಲ್ಲಾ ಸರಿಯಾಗ್ಯದ.”

“ಸರಿಯಾಗ್ಯದ, ಅದಕ್ಕೇ ಬ್ಯಾಡ ಅಂತೀನಿ.”

ಸರಿಯಾದದ್ದು ನಿಜ. ಅಕ್ಷರ ದೊಡ್ಡದಾಗಿತ್ತು, ಬ್ಯಾಂಡಿನ ಸದ್ದು ಹೋಗಿ ಒಂದೇ ಗಂಟೆಯ ಸದ್ದು ಬಂದಿತ್ತು, ಮಣ್ಣಿನ ಹೊತ್ತು ಬರೆಯದೆ ಸುದ್ದಿ ಹೋಗುತ್ತಿರಲಿಲ್ಲ, ತಪ್ಪಿ ಹೋದರೆ ‘ಸುಳ್ಳು’ ಎನ್ನಲು ಗುಂಡಿ ಇತ್ತು. ಶಗುಫ್ತಾ ಎಲ್ಲ ಒತ್ತಿ ನೋಡಿ, “ಈಗ ಬಿಡು,” ಎಂದಿದ್ದಳು. ಅವತ್ತು ಬೈದುಹೋದ ವಾಡಿಯ ದೊಡ್ಡಪ್ಪನೇ ತನ್ನ ಓಣಿಯವರಿಗೆಲ್ಲ ಬೇಕೆಂದು ಫೋನು ಮಾಡಿದ್ದ. ಆದರೆ ಶರಣಕುಮಾರ ಅದನ್ನು ತೆರೆದವನೇ ಮುಚ್ಚಿಬಿಡುತ್ತಿದ್ದ. ಸುದ್ದಿ ಮುಟ್ಟಲಿಲ್ಲ ಎಂಬ ಅಪ್ಪನ ಮಾತನ್ನು ನಂಬಿ ಅಲ್ಲವೇ ಅವನು ಇಷ್ಟೆಲ್ಲ ಕಟ್ಟಿದ್ದು?

ಒಂದು ಸಂಜೆ ಅವನು ಅಜ್ಜಿಯ ಹತ್ತಿರ ಹೋಗಿ ಕೂತ. ಅವಳು ಶೇಂಗಾ ಸುಲಿಯುತ್ತಿದ್ದಳು.

“ಆಯಿ, ನೀ ಹೇಳಿದಂಗ ಮಾಡ್ತೀನಿ. ಬಿಡ್ಲೋ, ಬ್ಯಾಡೋ?”

“ಬಿಡು. ನಿಂದೇನು ತಪ್ಪದ ಅದರಾಗ? ಅವತ್ತೂ ಸುದ್ದಿ ಮುಟ್ಟಿತ್ತು, ಮೊನ್ನೆನೂ ಮುಟ್ಟಿತ್ತು.” ಸುಲಿದ ಕಾಳನ್ನು ಅವಳು ಮೊರಕ್ಕೆ ಹಾಕಿದಳು. “ಒಬ್ಬರನ್ನ ಆರಿಸಿದ್ರ ಎಲ್ಲಾರಿಗೂ ಹೋಗ್ತಿತ್ತಲ್ಲ, ಅದು ಸರಿ ಮಾಡಿದೇನು?”

“ಮಾಡೀನಿ. ಯಾರಿಗೆ ಬೇಕೋ ಅವರಿಗಷ್ಟೇ ಹೋಗ್ತದ.”

“ಯಾರಿಗರ ಒಬ್ಬರಿಗೆ ಬ್ಯಾಡ ಅಂದ್ರ ಅವರನ್ನ ಬಿಡ್ಲಿಕ್ಕೆ ಬರ್ತದೇನು?”

“ಬರ್ತದ.”

“ಹಂಗಾದ್ರ ನಾ ಖರೇನೇ ಹೋದ ದಿನ ಎಲ್ಲಾರಿಗೂ ಕಳಸು. ನಾಗಿಗೆ ಕಳಸಬ್ಯಾಡ.”

“ಏನಂತಿ ಆಯಿ? ಅತ್ತಿಗೇ ಬ್ಯಾಡಂದ್ರ ಹ್ಯಾಂಗ?”

“ಕಳಿಸಿದ್ರ ನೋಡ್ತಾಳ. ನೋಡಿ ಬರಂಗಿಲ್ಲ. ಹಡದವ್ವ ಸತ್ತದ್ದು ನೋಡಿನೂ ಬರಲಿಲ್ಲ ಅಂತ ಮಂದಿ ಅಕಿನ್ನ ಸಾಯೂತನ ಆಡ್ಕೋತಾರ. ನಾವೇ ಸುದ್ದಿ ಹೇಳಲಿಲ್ಲ ಅಂದ್ರ ಬೈಗಳ ನಮ್ಮ ಮ್ಯಾಲ ಬರ್ತದ. ಬರಲಿ.”

ಅವಳು ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಈಗಲೇ ಮಾಡು, ನನ್ನ ಮುಂದ,” ಎಂದಳು.

ಅವನು ಫೋನು ತೆಗೆದು ಬಳಗದ ಪಟ್ಟಿಯಿಂದ ನಾಗರತ್ನಾಳ ಹೆಸರನ್ನು ಕೈಬಿಟ್ಟ.